ಕೆಲಸ ಮಾಡುತ್ತಲೇ ಓದುವ ಬಾಲವಾಡಿ ಟೀಚರಿಗೆ ನೆರವು ಎಲ್ಲಿ ಸಿಗುತ್ತದೆ? ಮುಂಬಯಿ, ಪುಣೆ, ಗೋವಾದವರ ಅನುಭವ

ಕೇಳಿದವರು: ಡೊಂಬಿವಲಿಯ ನರ್ಸರಿ ಟೀಚರ್

ಒಂಬತ್ತು ವರ್ಷದಿಂದ ಡೊಂಬಿವಲಿ ಪೂರ್ವದ ಒಂದು ಖಾಸಗಿ ನರ್ಸರಿಯಲ್ಲಿದ್ದೇನೆ. ಊರು ಕಾರ್ಕಳದ ಹತ್ತಿರ. ಪಿಯುಸಿ ಮುಗಿಸಿ ಮದುವೆಯಾಗಿ ಇಲ್ಲಿಗೆ ಬಂದವಳು. ಸಂಬಳ 11,000 ರೂಪಾಯಿ. ಡಿಪ್ಲೊಮಾ ಇಲ್ಲದವರಿಗೆ ಇನ್ನು ಮುಂದೆ ತರಗತಿಯ ಜವಾಬ್ದಾರಿ ಕೊಡುವುದಿಲ್ಲ, ಸಹಾಯಕಿಯಾಗಿ ಇರಬಹುದು ಎಂದು ಈ ವರ್ಷ ಆಡಳಿತದವರು ಹೇಳಿದ್ದಾರೆ. ಓದುವ ಆಸೆ ನನಗೆ ಮೊದಲಿನಿಂದಲೂ ಇದೆ. ಮನೆಯಲ್ಲಿ ಇಬ್ಬರು ಮಕ್ಕಳ ಫೀಸು ಕಟ್ಟಿದ ಮೇಲೆ ನನ್ನ ಫೀಸಿಗೆ ಉಳಿಯುವುದು ಕಷ್ಟ. ಕೆಲಸದಲ್ಲಿರುವ ಟೀಚರಿಗೆ ಸ್ಕಾಲರ್‌ಶಿಪ್ ಅಂತ ಏನಾದರೂ ಇದೆಯೇ? ಪಡೆದವರಿದ್ದರೆ ಹೇಗೆ ಪಡೆದಿರಿ, ದಯವಿಟ್ಟು ಬರೆಯಿರಿ.

ಚೆಂಬೂರಿನಿಂದ

ತಂಗೀ, ನಾನೂ ನಿಮ್ಮ ಹಾಗೆಯೇ ಪಿಯುಸಿ ಮುಗಿಸಿ ಬಂದವಳು. 41ನೇ ವಯಸ್ಸಿನಲ್ಲಿ ಡಿಪ್ಲೊಮಾ ಮಾಡಿದೆ. ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ, ಅದು ನಿಮಗೆ ಹಣ ಉಳಿಸುತ್ತದೆ.

ಸ್ಟೇಷನ್ ಪಕ್ಕದ ಮೊದಲ ಮಹಡಿಯಲ್ಲಿ "ನರ್ಸರಿ ಟೀಚರ್ಸ್ ಟ್ರೇನಿಂಗ್, 50 ಪ್ರತಿಶತ ಸ್ಕಾಲರ್‌ಶಿಪ್" ಎಂಬ ಬೋರ್ಡ್ ಕಂಡು ಹೋಗಿ ಸೇರಿದೆ. ಫೀಸು 56,000 ಅಂತೆ, ಸ್ಕಾಲರ್‌ಶಿಪ್ ಕಳೆದು 28,000 ಅಂತೆ. ಬಳೆ ಅಡವಿಟ್ಟು ಕಟ್ಟಿದೆ. ಹತ್ತು ತಿಂಗಳ ನಂತರ ಕೈಗೆ ಬಂದ ಸರ್ಟಿಫಿಕೇಟನ್ನು ಮುಂದಿನ ಶಾಲೆಯಲ್ಲಿ ತೋರಿಸಿದಾಗ, ಯಾವ ವಿಶ್ವವಿದ್ಯಾಲಯದ್ದು ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಯಾರೂ ತುಂಬದ ಫೀಸಿನಲ್ಲಿ ಅರ್ಧ ಬಿಟ್ಟರೆ ಅದು ಸ್ಕಾಲರ್‌ಶಿಪ್ ಆಗುವುದಿಲ್ಲ. ಶಿಕ್ಷಕರ ತರಬೇತಿಗೆ ಮಾನ್ಯತೆ ಕೊಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇ ಒಪ್ಪಿದ ಎರಡು ವರ್ಷದ ಡಿಪಿಎಸ್ಇ (ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾ), ಇಲ್ಲವೆ ಸರ್ಕಾರ ಮಾನ್ಯ ಮಾಡಿದ ವಿಶ್ವವಿದ್ಯಾಲಯದ ಡಿಪ್ಲೊಮಾ, ಇವೆರಡರಲ್ಲಿ ಒಂದಾಗಿರಲಿ. ಕೋರ್ಸಿಗೆ ಮಾನ್ಯತೆ ಇಲ್ಲದಿದ್ದರೆ ಸರ್ಕಾರದ ಯಾವ ಪೋರ್ಟಲ್‌ನಲ್ಲೂ ಅದರ ಹೆಸರೇ ಬರುವುದಿಲ್ಲ, ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಎರಡನೇ ಸಲ ಇಗ್ನೋದ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಡಿಇಸಿಇ ತೆಗೆದುಕೊಂಡೆ, ಚಿಕ್ಕ ಮಕ್ಕಳ ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ ಅದು. ಹನ್ನೆರಡನೇ ತರಗತಿ ಪಾಸಾಗಿದ್ದರೆ ಸಾಕು. ನಮ್ಮ ಎರಡನೇ ಪಿಯುಸಿ ಅಂಕಪಟ್ಟಿ ನಡೆಯುತ್ತದೆ. ಜನವರಿಗೆ ಒಂದು, ಜುಲೈಗೆ ಒಂದು, ವರ್ಷಕ್ಕೆ ಎರಡು ಪ್ರವೇಶ. ಪರೀಕ್ಷೆ ಜೂನ್‌ನಲ್ಲೂ ಡಿಸೆಂಬರ್‌ನಲ್ಲೂ ಇರುವುದರಿಂದ ಒಂದು ವಿಷಯ ಬಿಟ್ಟರೆ ಇಡೀ ವರ್ಷ ಹೋಗುವುದಿಲ್ಲ. ಕೆಲಸ ಬಿಡದೆ ಓದುವವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಫೀಸು ಕಡಿಮೆ ಇರುವ ಕೋರ್ಸನ್ನು ಆರಿಸಿಕೊಳ್ಳುವುದೇ ಮೊದಲ ಸ್ಕಾಲರ್‌ಶಿಪ್ ಅಂತ ನನ್ನ ಲೆಕ್ಕ. ಪರಿಶಿಷ್ಟ ಜಾತಿ, ಪಂಗಡದವರಿಗೆ ಇಗ್ನೋ ಕೆಲವು ಕೋರ್ಸುಗಳಲ್ಲಿ ಪೂರ್ತಿ ಫೀಸು ಬಿಡುತ್ತದೆ. ಅರ್ಜಿ ತುಂಬುವಾಗಲೇ ಆ ಕಾಲಂ ಗುರುತು ಮಾಡಬೇಕು.

ಆ ಕೋರ್ಸಿನ ಒಂದು ಭಾಗ ಮಕ್ಕಳ ಜೊತೆ ಮಾಡುವ ಪ್ರಾಜೆಕ್ಟ್. ಬೇರೆಯವರಿಗೆ ಅದಕ್ಕೆ ಬಾಲವಾಡಿ ಹುಡುಕುವ ಕೆಲಸ, ನಮಗೆ ದಿನವೂ ಕಣ್ಣೆದುರೇ ಮಕ್ಕಳು. ನಾನು ಹುಣಸೆ ಬೀಜ ಕೊಟ್ಟು ದೊಡ್ಡದು, ಚಿಕ್ಕದು ಬೇರೆ ಮಾಡಿ ಎಂದಿದ್ದೆ. ನಾಲ್ಕು ವರ್ಷದ ಒಬ್ಬ ಹುಡುಗ ಒಂದು ದೊಡ್ಡದರ ಪಕ್ಕ ಒಂದು ಚಿಕ್ಕದು, ಹೀಗೆ ಜೋಡಿ ಜೋಡಿಯಾಗಿ ಇಡುತ್ತಾ ಹೋದ. ಹಿಂದಿನ ನಾನಾಗಿದ್ದರೆ ಕೈ ಹಿಡಿದು ತಿದ್ದಿಬಿಡುತ್ತಿದ್ದೆ. ಅವತ್ತು ನೋಟ್‌ಬುಕ್ ಇತ್ತು, ನೋಡಿದ್ದನ್ನು ಬರೆಯಬೇಕಿತ್ತು, ಹಾಗಾಗಿ ಸುಮ್ಮನೆ ಕೂತು ನೋಡಿದೆ. "ಹೀ ಆಯೀ, ಹೇ ಬಾಳ" ಎಂದ, ಇದು ಅಮ್ಮ, ಇದು ಪಾಪು ಅಂತ. ಅವನಿಗೆ ದೊಡ್ಡದು ಚಿಕ್ಕದು ಗೊತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಇಂಥ ಎಷ್ಟು ಮಕ್ಕಳನ್ನು ತಪ್ಪು ಎಂದು ತಿದ್ದಿದ್ದೆನೋ. ಓದು ಸಂಬಳಕ್ಕೆ ಮಾತ್ರ ಅಂದುಕೊಂಡು ಸೇರಿದವಳು ನಾನು, ಅಲ್ಲಿಂದ ಮನಸ್ಸು ಬದಲಾಯಿತು.

ಆದರೆ ನಿಜವಾಗಿ ಸಾಲದೇ ಹೋದದ್ದು ಸಮಯ. ಫೀಸು ಹೇಗೋ ಹೊಂದಿತು. ಭಾನುವಾರದ ಕ್ಲಾಸು, ಪರೀಕ್ಷೆಯ ದಿನಗಳು, ಅಸೈನ್‌ಮೆಂಟು ಒಪ್ಪಿಸುವ ಕೊನೆಯ ದಿನ. ಪರೀಕ್ಷೆಗೆ ಹಾಕಿದ ನಾಲ್ಕು ರಜೆಗೂ ಸಂಬಳ ಕಡಿದರು. ಹಾರ್ಬರ್ ಲೈನಿನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಅರ್ಧ ಪುಸ್ತಕ ಮುಗಿಸಿದೆ. ಆದ್ದರಿಂದ ನೆರವು ಕೇಳುವಾಗ ಹಣ ಒಂದನ್ನೇ ಕೇಳಬೇಡಿ, ಸಂಬಳ ಸಹಿತ ರಜೆಯನ್ನೂ ಕೇಳಿ.

ಪುಣೆಯ ಕೋಥ್ರೂಡ್‌ನಿಂದ

ಮೇಲಿನ ಅಕ್ಕ ಹೇಳಿದ ರಜೆಯ ವಿಷಯದಲ್ಲಿ ನನಗೆ ಒಂದು ದಾರಿ ಸಿಕ್ಕಿತು. ಹೊರದೇಶದ್ದಾದರೂ ಇಲ್ಲಿ ನಡೆಯಿತು.

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ 1990ರಲ್ಲಿ "ಟೀಚ್" ಎಂಬ ಸ್ಕಾಲರ್‌ಶಿಪ್ ಶುರುವಾಯಿತು. ನಮ್ಮಂಥವರಿಗೇ, ಅಂದರೆ ಚಿಕ್ಕ ಮಕ್ಕಳ ಕೇಂದ್ರದಲ್ಲಿ ಕೆಲಸ ಮಾಡುತ್ತಲೇ ಕಾಲೇಜು ಓದುವವರಿಗೆ. ಆಮೇಲೆ ಬೇರೆ ಎಷ್ಟೋ ರಾಜ್ಯಗಳು ಅದನ್ನು ತೆಗೆದುಕೊಂಡವು. ಫೀಸು, ಪುಸ್ತಕದ ಬಹುಪಾಲು ಸ್ಕಾಲರ್‌ಶಿಪ್‌ನಿಂದ, ಒಂದು ಪಾಲು ಕೆಲಸ ಕೊಟ್ಟವರಿಂದ, ಒಂದು ಸಣ್ಣ ಪಾಲು ಟೀಚರ್ ಕೈಯಿಂದ. ಓದಲು ಸಂಬಳ ಸಹಿತ ಬಿಡುವು. ಇಷ್ಟು ಓದು ಮುಗಿಸಿದರೆ ಬೋನಸ್ ಇಲ್ಲವೆ ಸಂಬಳ ಏರಿಕೆ. ಬದಲಿಗೆ ಟೀಚರ್ ಅದೇ ಕೇಂದ್ರದಲ್ಲಿ ಮುಂದೆ ಸಾಮಾನ್ಯವಾಗಿ ಒಂದು ವರ್ಷ ಇರುತ್ತೇನೆಂದು ಒಪ್ಪಬೇಕು. ಟೀಚರುಗಳು ಪದೇ ಪದೇ ಬಿಟ್ಟು ಹೋಗುವುದರಿಂದ ಮಕ್ಕಳಿಗೆ ಆಗುವ ನಷ್ಟವನ್ನು ತಡೆಯುವ ಯೋಚನೆಯೂ ಅದರಲ್ಲಿದೆ.

ನಾನು ಇದನ್ನೇ ಒಂದು ಪುಟದಲ್ಲಿ ಮರಾಠಿಯಲ್ಲಿ ಬರೆದು ನಮ್ಮ ಟ್ರಸ್ಟಿನವರಿಗೆ ಕೊಟ್ಟೆ. ಸ್ಕಾಲರ್‌ಶಿಪ್ ಕೊಡುವವರು ನಡುವೆ ಯಾರೂ ಇಲ್ಲದ್ದರಿಂದ ಫೀಸಿನ ಅರ್ಧ ಅವರು, ಅರ್ಧ ನಾನು ಎಂದೆ. ತಿಂಗಳಿಗೆ ಎರಡು ಶನಿವಾರ ಬಿಡುವು, ಪರೀಕ್ಷೆಯ ದಿನ ಸಂಬಳ ಕಡಿಯಬಾರದು, ಪಾಸಾದ ಮೇಲೆ 1,500 ರೂಪಾಯಿ ಏರಿಕೆ, ನಾನು ಹದಿನೆಂಟು ತಿಂಗಳು ಬಿಡುವುದಿಲ್ಲ. ಮೊದಲ ಸಭೆಯಲ್ಲಿ ಬೇಡ ಎಂದರು. ಹಿಂದಿನ ಎರಡು ವರ್ಷದಲ್ಲಿ ಐದು ಟೀಚರುಗಳು ಬಿಟ್ಟು ಹೋಗಿದ್ದರು, ಪ್ರತಿ ಸಲ ಜೂನ್‌ನಲ್ಲಿ ಪೋಷಕರ ಮಾತು ಕೇಳಬೇಕಾಗಿತ್ತು. ಅದನ್ನು ನೆನಪಿಸಿದ ಮೇಲೆ ಒಪ್ಪಿದರು. ಏರಿಕೆ 1,500 ಅಲ್ಲ, 1,000 ಸಿಕ್ಕಿತು.

ಒಂದು ಎಚ್ಚರಿಕೆ. ಒಪ್ಪಂದ ಎಷ್ಟು ತಿಂಗಳಿಗೆ, ನಡುವೆ ಬಿಟ್ಟರೆ ಎಷ್ಟು ಹಿಂದಿರುಗಿಸಬೇಕು ಎಲ್ಲವೂ ಬರಹದಲ್ಲಿ ಇರಲಿ. ಮೂಲ ಅಂಕಪಟ್ಟಿಯನ್ನು ಮಾತ್ರ ಯಾರ ಕೈಗೂ ಕೊಡಬೇಡಿ. ನನ್ನ ಗೆಳತಿಯ ಪಿಯುಸಿ ಅಂಕಪಟ್ಟಿಯನ್ನು ಒಂದು ಶಾಲೆಯವರು "ಭದ್ರತೆಗೆ" ಅಂತ ಕಪಾಟಿನಲ್ಲಿಟ್ಟುಕೊಂಡು ಒಂದೂವರೆ ವರ್ಷ ಸತಾಯಿಸಿದರು.

ಠಾಣೆಯಿಂದ, ಸಂಘದ ಕಚೇರಿಯಲ್ಲಿ ಕಾಗದಪತ್ರ ನೋಡುವವರು

ನಮಸ್ಕಾರ ಅಮ್ಮಾ. ಭಾನುವಾರ ನಮ್ಮಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಲು ಜನ ಬರುತ್ತಾರೆ. ಕರ್ನಾಟಕದಿಂದ ಬಂದ ನಾವು ಎಡವುವುದು ಒಂದೇ ಜಾಗದಲ್ಲಿ, ಅದನ್ನು ಬಿಡಿಸಿ ಹೇಳುತ್ತೇನೆ.

ಮಹಾರಾಷ್ಟ್ರ ಸರ್ಕಾರದ ಹೆಚ್ಚಿನ ಸ್ಕಾಲರ್‌ಶಿಪ್‌ಗಳು ಮಹಾಡಿಬಿಟಿ ಎಂಬ ಸರ್ಕಾರಿ ಪೋರ್ಟಲ್ ಮೂಲಕ. ಬೇಕಾದದ್ದು ಡೊಮಿಸೈಲ್ (ಈ ರಾಜ್ಯದ ನಿವಾಸಿ ಎಂಬ ಪ್ರಮಾಣಪತ್ರ), ತಹಸೀಲ್ದಾರರ ಆದಾಯ ಪ್ರಮಾಣಪತ್ರ (ಇಲ್ಲಿ ಉತ್ಪನ್ನ ದಾಖಲೆ ಎನ್ನುತ್ತಾರೆ), ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಮೀಸಲಾತಿ ಇದ್ದರೆ ಜಾತಿ ಪ್ರಮಾಣಪತ್ರ. ಡೊಮಿಸೈಲಿಗೆ 15 ವರ್ಷದ ವಾಸ ತೋರಿಸಬೇಕು. ಹಳೆಯ ಲೈಟ್ ಬಿಲ್, ರೇಷನ್ ಕಾರ್ಡ್, ಮಕ್ಕಳ ಶಾಲೆಯ ದಾಖಲೆ ಯಾವುದನ್ನೂ ರದ್ದಿಗೆ ಹಾಕಬೇಡಿ.

ಜಾತಿ ಪ್ರಮಾಣಪತ್ರದ ಮಾತು ಬೇರೆ. ಊರಿನ ತಾಲೂಕು ಕಚೇರಿಯಿಂದ ತಂದದ್ದು ಇಲ್ಲಿನ ಸ್ಕಾಲರ್‌ಶಿಪ್‌ಗೆ ನಡೆಯುವುದಿಲ್ಲ. ಒಂದು ರಾಜ್ಯದ ಪರಿಶಿಷ್ಟರು ಇನ್ನೊಂದು ರಾಜ್ಯಕ್ಕೆ ವಲಸೆ ಹೋದರೆ ಅಲ್ಲಿನ ಪರಿಶಿಷ್ಟರೆಂದು ಲೆಕ್ಕವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೂ 1994ರಲ್ಲೂ ಹೇಳಿದೆ. ಇಲ್ಲಿನ ಪ್ರಮಾಣಪತ್ರ ಬೇಕೆಂದರೆ ಕುಟುಂಬ ಮಹಾರಾಷ್ಟ್ರದಲ್ಲಿ ನೆಲೆಸಿದ್ದನ್ನು ಹಳೆಯ ತಾರೀಕಿಗೆ ತೋರಿಸಬೇಕು: ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ಪಂಗಡಕ್ಕೆ 6 ಸೆಪ್ಟೆಂಬರ್ 1950, ವಿಮುಕ್ತ ಹಾಗೂ ಅಲೆಮಾರಿ ಜಾತಿಗೆ 21 ನವೆಂಬರ್ 1961, ಒಬಿಸಿಗೆ 13 ಅಕ್ಟೋಬರ್ 1967. ಮದುವೆಯಾಗಿ ಬಂದವರಿಗೆ ಗಂಡನ ಮನೆಯ ದಾಖಲೆ ಸಾಲದು, ಜಾತಿ ತವರಿನಿಂದ ನೋಡುತ್ತಾರೆ. ಅದಕ್ಕೇ ನಿಮ್ಮಂಥವರ ಅರ್ಜಿ ಎರಡು ರಾಜ್ಯದ ನಡುವೆ ಬಿದ್ದುಹೋಗುತ್ತದೆ. ನನಗೆ ಇದು ಬಹಳ ನೋವಿನ ವಿಷಯ. ಆದರೆ ಇಲ್ಲೇ ಹುಟ್ಟಿ ಬೆಳೆದವರು ಕೈಬಿಡಬೇಡಿ. ಒಬ್ಬ ಹುಡುಗಿಗೆ ಅವಳ ಅಜ್ಜನ ಮುನ್ಸಿಪಾಲಿಟಿ ಕನ್ನಡ ಶಾಲೆಯ 1949ರ ಲೀವಿಂಗ್ ಸರ್ಟಿಫಿಕೇಟ್ ಟ್ರಂಕಿನಲ್ಲಿ ಸಿಕ್ಕಿತು, ಮಡಿಕೆಯಲ್ಲಿ ನಾಲ್ಕು ತುಂಡಾಗಿತ್ತು. ಅದರ ಮೇಲೆಯೇ ಅವಳ ಕೆಲಸ ಆಯಿತು. ಪರಿಶಿಷ್ಟ ಜಾತಿಯವರ ಪೋಸ್ಟ್ ಮೆಟ್ರಿಕ್ (ಹತ್ತನೇ ತರಗತಿಯ ನಂತರದ ಓದಿನ) ಸ್ಕಾಲರ್‌ಶಿಪ್‌ಗೆ ಮನೆಯ ವರ್ಷದ ಆದಾಯ 2.5 ಲಕ್ಷದೊಳಗೆ ಇರಬೇಕು. ಗಂಡ ಹೆಂಡತಿ ಇಬ್ಬರೂ ದುಡಿದರೆ ಆ ಗೆರೆ ಬೇಗ ದಾಟಿಬಿಡುತ್ತದೆ, ಮೊದಲೇ ಲೆಕ್ಕ ಹಾಕಿ.

ವಾಸ್ಕೋದಿಂದ

ನಾ ಬೈನಾದಾಗ ಅಂಗನವಾಡಿ ಸಹಾಯಕಿ ಇದ್ದೀನ್ರಿ, ಊರು ಗದಗ ಕಡೆ. ಹತ್ತನೇತ್ತ ಪಾಸಾಗಿ ಓದು ಅಲ್ಲಿಗೇ ನಿಂತಿತ್ತು. 2020ರ ಹೊಸ ಶಿಕ್ಷಣ ನೀತಿ ಬಂತಲ್ರಿ, ಅದ್ರಾಗ ಹನ್ನೆರಡನೇತ್ತ ಆದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟು, ಅದಕ್ಕಿಂತ ಕಡಿಮಿ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಅಂತ ಬರ್ದಾರ. ಅದನ್ನ ಕೇಳಿ ನಾ ಮೊದಲ ಹನ್ನೆರಡನೇತ್ತ ಮುಗಿಸೂಣು ಅಂತ ಎನ್‌ಐಒಎಸ್‌ಗೆ, ಅಂದ್ರ ಕೇಂದ್ರ ಸರ್ಕಾರದ ಮುಕ್ತ ಶಾಲಿಗೆ ಹೆಸರು ಹಚ್ಚಿದೆ. ಹೆಣ್ಮಕ್ಕಳಿಗೆ ಅಲ್ಲಿ ಫೀಸು ಕಡಿಮಿ. ವಿಷಯಾನೂ ಒಂದೊಂದ ಬರೀಬಹುದು, ನಾ ಎರಡು ವರ್ಷದಾಗ ಐದೂ ಮುಗಿಸಿದೆ.

ಕೆಲಸ ಬಿಟ್ಟು ಓದ್ತೀನಿ ಅನ್ನಬ್ಯಾಡ್ರಿ. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ ಇಬ್ಬರಿಗೂ ಗ್ರಾಚ್ಯುಟಿ (ಕೆಲಸ ಬಿಡೂ ಮುಂದ ಸೇವಾ ವರ್ಷ ನೋಡಿ ಕೊಡೂ ರೊಕ್ಕ) ಹಕ್ಕ ಐತಿ ಅಂತ 2022ರ ಏಪ್ರಿಲ್‌ದಾಗ ಸುಪ್ರೀಂ ಕೋರ್ಟ್ ಹೇಳೈತಿ. ಸೇವಾ ನಡುವ ಮುರಿದ್ರ ನಮಗ ಲುಕ್ಸಾನು. 2023ರಾಗ ಶುರುವಾದ ಅಂಗನವಾಡಿಯವರ "ಪೋಷಣ್ ಭಿ ಪಢಾಯಿ ಭಿ" ಟ್ರೇನಿಂಗ್‌ಗೆ ನಾವು ರೊಕ್ಕ ಕಟ್ಟಬೇಕಾಗಿಲ್ಲ, ಕರದಾಗ ತಪ್ಪಸಬ್ಯಾಡ್ರಿ. ಇನ್ನ ಗೋವಾ ಸರ್ಕಾರದ ಶಿಕ್ಷಣ ಅಭಿವೃದ್ಧಿ ನಿಗಮದಾಗ ಬಡ್ಡಿ ಇಲ್ಲದ ಶಿಕ್ಷಣ ಸಾಲ ಐತಿ. ಅದಕ್ಕ ಗೋವಾದಾಗ ಇಷ್ಟು ವರ್ಷದಿಂದ ಇದ್ದೀವಿ ಅನ್ನೂ ದಾಖಲೆ ಬೇಕು. ಮಾಮಲೇದಾರ್ (ನಮ್ಮ ತಹಸೀಲ್ದಾರ್ ಇದ್ದಂಗ) ಕಚೇರಿಗೆ ನಾ ಏಳು ಸಲ ಅಡ್ಡಾಡೀನಿ. ಮುಂಜಾನೆ ಹತ್ತರೊಳಗ ಹೋಗ್ರಿ.

ಭಾಂಡುಪ್‌ನಿಂದ

ನಮ್ಮ ಸಮಾಜದ ಸಂಘ ವರ್ಷ ವರ್ಷ ವಿದ್ಯಾರ್ಥಿವೇತನ ಕೊಡುತ್ತದೆ, ಮಕ್ಕಳಿಗೆ ಅಂತಲೇ ಎಲ್ಲರೂ ತಿಳಿದಿದ್ದರು. ನನಗೆ 38 ವರ್ಷ. ಅರ್ಜಿಯನ್ನು ಎರಡು ಸಲ ಓದಿದೆ, ವಯಸ್ಸಿನ ಮಿತಿ ಎಲ್ಲೂ ಬರೆದಿರಲಿಲ್ಲ. ನನ್ನ ಹೆಸರಿನಲ್ಲೇ ತುಂಬಿ ಕೊಟ್ಟೆ. ವಿದ್ಯಾ ಸಮಿತಿಯ ಹಿರಿಯರೊಬ್ಬರು ಫೋನ್ ಮಾಡಿ "ಮಗಳ ಹೆಸರು ಬರೆಯಲು ಮರೆತಿರಾ?" ಎಂದು ಕೇಳಿದರು. ಇಲ್ಲ, ಓದುವವಳು ನಾನೇ ಎಂದೆ. 6,000 ರೂಪಾಯಿ ಕೊಟ್ಟರು. ವೇದಿಕೆಯಲ್ಲಿ ಹತ್ತನೇ ತರಗತಿ ಮಕ್ಕಳ ಸಾಲಿನಲ್ಲಿ ನಿಂತು ತೆಗೆದುಕೊಂಡೆ, ಜನ ಎದ್ದು ಚಪ್ಪಾಳೆ ತಟ್ಟಿದರು. ಮುಂಬಯಿಯಲ್ಲಿ ಜಾತಿ ಸಂಘ, ಊರ ಸಂಘ, ಕನ್ನಡ ಸಂಘ ಎಷ್ಟಿಲ್ಲ! ಹೆಚ್ಚಿನವು ಜೂನ್, ಜುಲೈಯಲ್ಲಿ ಅರ್ಜಿ ಕರೆಯುತ್ತವೆ. ತವರಿನದ್ದು, ಗಂಡನ ಮನೆಯದ್ದು ಎರಡೂ ಕಡೆ ಕೇಳಿ.

ಡೊಂಬಿವಲಿಯಿಂದ, ಕೇಳಿದವರು

ಎಲ್ಲರಿಗೂ ಕೈಮುಗಿಯುತ್ತೇನೆ. ಸ್ಟೇಷನ್ ಬಳಿಯ ಒಂದು ಕ್ಲಾಸಿಗೆ ನಾಳೆ 5,000 ಮುಂಗಡ ಕಟ್ಟುವುದರಲ್ಲಿದ್ದೆ, ನಿಲ್ಲಿಸಿದೆ. ಜುಲೈ ಪ್ರವೇಶಕ್ಕೆ ಇಗ್ನೋ ಅರ್ಜಿ ಹಾಕುತ್ತೇನೆ. ಪುಣೆಯ ಅಕ್ಕ ಹೇಳಿದ ಹಾಗೆ ನಮ್ಮ ಆಡಳಿತದವರಿಗೂ ಒಂದು ಪುಟ ಬರೆಯುತ್ತೇನೆ. ಇನ್ನೊಂದು ಸಂಶಯ. ನನ್ನ ಪಿಯುಸಿ ಅಂಕಪಟ್ಟಿಯಲ್ಲಿ ಬರೀ ಹೆಸರು, ಹಿಂದೆ ಒಂದು ಇನಿಷಿಯಲ್. ಆಧಾರ್‌ನಲ್ಲಿ ಇಲ್ಲಿಯ ಪದ್ಧತಿಯಂತೆ ನನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು. ಇದರಿಂದ ತೊಂದರೆ ಆಗುತ್ತದೆಯೇ?

ಚೆಂಬೂರಿನಿಂದ

ಆಗುತ್ತದೆ ತಂಗೀ, ನನ್ನ ಅರ್ಜಿ ಒಮ್ಮೆ ಅದಕ್ಕೇ ವಾಪಸ್ ಬಂತು. ಮದುವೆ ನೋಂದಣಿ ಸರ್ಟಿಫಿಕೇಟ್ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಅದರ ಜೊತೆ ಎರಡೂ ಹೆಸರು ಒಬ್ಬಳದ್ದೇ ಎಂಬ ಅಫಿಡವಿಟ್ ಇರಲಿ. ಅಷ್ಟಕ್ಕೂ ಒಪ್ಪದಿದ್ದರೆ ಮಹಾರಾಷ್ಟ್ರ ಸರ್ಕಾರದ ಗೆಜೆಟ್‌ನಲ್ಲಿ ಹೆಸರು ಬದಲಾವಣೆ ಹಾಕಿಸಬಹುದು, ನಾನು ಕೊನೆಗೆ ಅದನ್ನೇ ಮಾಡಿದ್ದು. ಕಾಗದ ಕೈಗೆ ಬರಲು ವಾರಗಟ್ಟಲೆ ಹಿಡಿಯುತ್ತದೆ, ಇವತ್ತೇ ಶುರು ಮಾಡಿ. ಜುಲೈ ಹತ್ತಿರದಲ್ಲೇ ಇದೆ. ನನ್ನ ಹಳೆಯ ಪುಸ್ತಕಗಳು ಹಾಗೇ ಇವೆ, ಭಾನುವಾರ ಬನ್ನಿ, ಕುರ್ಲಾ ಸ್ಟೇಷನ್‌ಗೆ ತಂದುಕೊಡುತ್ತೇನೆ.