‘ಎಂಬೆಡೆಡ್’ ಅಂದರೆ ಹುದುಗಿಸಿದ್ದೋ, ಕೂರಿಸಿದ್ದೋ?

ಎಲ್ಲರಿಗೂ ನಮಸ್ಕಾರ.

ಗಂಗಾವತಿಯಿಂದ ಬರೆಯುತ್ತಿದ್ದೇನೆ. ಅಕ್ಕಿ ಮಿಲ್ಲುಗಳ ಯಂತ್ರದ ಬೋರ್ಡು ರಿಪೇರಿ ಮಾಡುವುದು ನನ್ನ ಕೆಲಸ. ಪ್ರತಿ ಡಿಸೆಂಬರಿಗೆ, ನನ್ನ ಹತ್ತಿರ ಕೆಲಸ ಕಲಿಯುವ ಐಟಿಐ ಹುಡುಗರಿಗೂ ಪರಿಚಯದ ಮಿಲ್ಲಿನವರಿಗೂ ಎರಡು ಪುಟದ ಹಾಳೆ ಮಾಡಿ ಹಂಚುತ್ತೇನೆ. ಈ ವರ್ಷ ಯಾವ ಹೊಸ ಬೋರ್ಡು ಬಂತು, ಯಾವುದನ್ನು ಕೊಳ್ಳಬಹುದು, ಯಾವುದಕ್ಕೆ ಸ್ವಲ್ಪ ತಡೆಯಬೇಕು, ಇಷ್ಟೇ. ಈ ಸಲ ರಾಸ್ಪ್‌ಬೆರಿ ಪೈ ಅನ್ನುವ, ಪುಟ್ಟ ಕಂಪ್ಯೂಟರ್ ಬೋರ್ಡು ಮಾಡುವ ಕಂಪನಿಯ 2024ರ ಸುದ್ದಿ ಹಿಡಿದು ಕೂತೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ಎಂಬೆಡೆಡ್ ಕಂಪ್ಯೂಟರ್’ಗೆ, ಅಂದರೆ ಯಂತ್ರದ ಒಂದೇ ಕೆಲಸ ನೋಡಿಕೊಳ್ಳಲು ಅದರೊಳಗೇ ಇರುವ ಕಂಪ್ಯೂಟರಿಗೆ, ಕನ್ನಡದಲ್ಲಿ ಏನನ್ನೋಣ?

ಬರಹಗಳಲ್ಲಿ ನನಗೆ ಕಂಡದ್ದು ‘ಹುದುಗಿಸಿದ’, ‘ಅಂತರ್ಗತ’. ಅಂತರ್ಗತ ನಮ್ಮ ಹುಡುಗರ ಬಾಯಲ್ಲಿ ತಿರುಗುವುದಿಲ್ಲ, ಬಿಟ್ಟೆ. ಹುದುಗಿಸಿದ ಚೆನ್ನಾಗಿದೆ ಅಂದುಕೊಂಡಿದ್ದೆ. ಆದರೆ ಒಬ್ಬ ಹುಡುಗ ಓದಿ ನಕ್ಕ. ಅವನ ವಿಜ್ಞಾನದ ಪಾಠದಲ್ಲಿ ಹುದುಗುವಿಕೆ ಅಂದರೆ ಹಿಟ್ಟು ಉಬ್ಬಿ ಹುಳಿ ಬರುವುದು! ಇನ್ನೊಬ್ಬ ಗೆಳೆಯರು ‘ಹೂತ ಕಂಪ್ಯೂಟರ್’ ಅಂದರು. ಬೇಡ ಸ್ವಾಮಿ. ತುಂಗಭದ್ರಾ ಡ್ಯಾಮಿನಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ಜಾಗವನ್ನು 105ರ ಆಸುಪಾಸಿಗೆ ಇಳಿಸಿದ ಹೂಳಿನ ಸುದ್ದಿ ಕೇಳಿ ಕೇಳಿ ನಮಗೆ ಆ ಧಾತುವೇ ಸಾಕಾಗಿದೆ.

ನಗು ಬದಿಗಿಡೋಣ. ಹುದುಗು, ಅಡಗು, ಹೂಳು, ಎಲ್ಲವೂ ‘ಕಾಣದಂತೆ ಒಳಗಿರುವುದು’ ಅಂತ ಹೇಳುತ್ತವೆ. ಎಂಬೆಡೆಡ್‌ನ ತಿರುಳು ಅದಲ್ಲ ಅಂತ ನನ್ನ ವಾದ. 2024ರ ಡಿಸೆಂಬರಿನಲ್ಲಿ ಬಂದ ಪೈ 500 ನೋಡಿ. ನೋಡಲಿಕ್ಕೆ ಬರೀ ಕೀಬೋರ್ಡು. ಇಡೀ ಕಂಪ್ಯೂಟರ್ ಅದರ ಹೊಟ್ಟೆಯಲ್ಲಿದೆ. ಹುದುಗಿದೆ ಅನ್ನಲು ಇದಕ್ಕಿಂತ ಉದಾಹರಣೆ ಬೇಕಾ? ಆದರೆ ಅದನ್ನು ಯಾರೂ ಎಂಬೆಡೆಡ್ ಅನ್ನುವುದಿಲ್ಲ. ಟಿವಿಗೆ ಸಿಕ್ಕಿಸಿ ಪತ್ರ ಬರೆಯಬಹುದು, ಆಟ ಆಡಬಹುದು. ಅದು ಯಾವ ಒಂದು ಕೆಲಸಕ್ಕೂ ಕಟ್ಟುಬಿದ್ದಿಲ್ಲ. ಹಾಗೇ ಗಾಜಿನ ಡಬ್ಬಿಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ ಬೋರ್ಡು, ಮೋಟಾರ್ ಒಂದನ್ನೇ ನೋಡಿಕೊಳ್ಳುತ್ತಿದ್ದರೆ, ಎಂಬೆಡೆಡ್ಡೇ.

ಹಾಗಾದರೆ ಏನು? ಪದ ನನ್ನ ಬೆಂಚಿನ ಮೇಲೇ ಇತ್ತು, ನನಗೆ ಕೇಳಿಸಿರಲಿಲ್ಲ.

ಒಂದು ಮಿಲ್ಲಿನ ತೂಕದ ಲೆಕ್ಕ ಇಡುವ ಪೆಟ್ಟಿಗೆಗೆ ಕಂಪ್ಯೂಟ್ ಮಾಡ್ಯೂಲ್, ಅಂದರೆ ಯಂತ್ರಗಳಿಗೆಂದೇ ಅದೇ ಕಂಪನಿ ಮಾಡುವ ಪುಟ್ಟ ಕಂಪ್ಯೂಟರ್ ಬೋರ್ಡು, ಹಾಕುತ್ತಿದ್ದೆವು. 55 ಮಿಲಿಮೀಟರ್ ಉದ್ದ, 40 ಅಗಲ, ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದು. ಅಡಿಯಲ್ಲಿ ನೂರು ನೂರು ಪಿನ್ನಿನ ಎರಡು ಕನೆಕ್ಟರ್. ಎರಡೂ ಹೆಬ್ಬೆರಳಿಟ್ಟು ಸಮನಾಗಿ ಒತ್ತಬೇಕು, ಓರೆಯಾದರೆ ಪಿನ್ನು ಮಡಚುತ್ತವೆ. ಹುಡುಗ ಉಸಿರು ಬಿಗಿಹಿಡಿದು ಒತ್ತಿದ. ಟಕ್ ಅಂತು. ‘ಕುಂತೈತಿ ನೋಡ್ರಿ ಸರ್’ ಅಂದ.

ಅವತ್ತಿನಿಂದ ಕಿವಿ ಆ ಕಡೆಗೇ. ನಮ್ಮಲ್ಲಿ ಬೇರಿಂಗ್ ಕುಂದ್ರಿಸುತ್ತಾರೆ, ಪಂಪ್‌ಸೆಟ್ ಕುಂದ್ರಿಸುತ್ತಾರೆ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂಡಿಸುತ್ತಾನೆ. ಅಷ್ಟೇ ಆಗಿದ್ದರೆ ಬರೀ ಜೋಡಣೆಯ ಮಾತಾಗುತ್ತಿತ್ತು. ಆದರೆ ಮಗನನ್ನು ಗಲ್ಲೆ ಮೇಲೆ ಕೂರಿಸುತ್ತೇವೆ, ಹೊಲಕ್ಕೆ ಹಕ್ಕಿ ಕಾಯಲು ಆಳನ್ನು ಕೂರಿಸುತ್ತೇವೆ. ಒಂದು ಜಾಗ, ಒಂದು ಕೆಲಸ, ಅಲ್ಲಿಂದ ಏಳುವಂತಿಲ್ಲ. ಎಂಬೆಡೆಡ್ ಅಂದರೆ ಇದೇ ಅಲ್ವಾ? ಮಿಲ್ಲಿನಲ್ಲಿ ನಾವು ಸಾರ್ಟೆಕ್ಸ್ ಅನ್ನುವ ಯಂತ್ರ ನೋಡಿ. ಬೀಳುವ ಅಕ್ಕಿಯನ್ನು ಕ್ಯಾಮೆರಾ ನೋಡುತ್ತದೆ, ಕಪ್ಪು ಕಾಳು ಕಂಡರೆ ಪುಸಕ್ ಅಂತ ಗಾಳಿ ಊದಿ ಆಚೆ ತಳ್ಳುತ್ತದೆ. ಹಗಲೂ ರಾತ್ರಿ ಅದೊಂದೇ ಕೆಲಸ. ‘ಇದರಾಗ ಕಂಪ್ಯೂಟರ್ ಎಲ್ಲೈತ್ರಿ?’ ಅಂತ ಹೊಸ ಹಮಾಲಿ ಕೇಳಿದರೆ ‘ಒಳಗ ಕುಂದ್ರಿಸ್ಯಾರ’ ಅನ್ನುತ್ತಾರೆ, ಮುಗಿಯಿತು.

ತೊಡಕು ಎರಡಿವೆ. ನಾವು ಕುಂದ್ರಿಸು, ಕೂಡ್ರಿಸು, ಕೂಡಿಸು ಅನ್ನುತ್ತೇವೆ, ಮೈಸೂರು ಕಡೆಯವರು ಕೂರಿಸು. ಬರಹದಲ್ಲಿ ‘ಕೂಡಿಸಿದ’ ಅಂದರೆ ಲೆಕ್ಕ ಕೂಡಿಸಿದ ಹಾಗೆ ಕೇಳುತ್ತದೆ. ಅದಕ್ಕೇ ‘ಕೂರಿಸಿದ’ ಅಂತ ಬರೆದೆ. ಎರಡನೆಯದು ಜಾಸ್ತಿ ಕಾಡುತ್ತಿದೆ. ಗಣಪತಿ ಕೂರಿಸು ಅನ್ನುವ ರೀತಿಯಲ್ಲೇ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವುದಕ್ಕೂ ಇದೇ ಪದ ಬಂದರೆ? ಗಣಪತಿಯನ್ನು ಐದನೇ ದಿನವೋ ಒಂಬತ್ತನೇ ದಿನವೋ ಎಬ್ಬಿಸುತ್ತೇವೆ. ಎಂಬೆಡೆಡ್ ಬೋರ್ಡು ಹತ್ತು ವರ್ಷ ಏಳುವುದಿಲ್ಲ. ‘ಒಳಗೆ ಕೂರಿಸಿದ’ ಅಂದರೆ ಗೊಂದಲ ತಪ್ಪೀತೇ?

ಸಣ್ಣಪುಟ್ಟವು ಇನ್ನೂ ಇವೆ. ‘ರಿಲೀಸ್’ಗೆ ‘ಬಿಡುಗಡೆ’ ತಪ್ಪಲ್ಲ, ಆದರೆ ನನಗೆ ಜೈಲೇ ನೆನಪಾಗುತ್ತದೆ. ಕಾಲುವೆಗೆ ನೀರು ಬಿಡುತ್ತಾರೆ, ಬಸ್ಸು ಬಿಡುತ್ತಾರೆ, ಹೊಸ ಮಾಡೆಲ್ಲೂ ಬಿಡುತ್ತಾರೆ. ಹಾಗಾಗಿ ‘ಆಗಸ್ಟ್ 8ಕ್ಕೆ ಪಿಕೋ 2 ಬಿಟ್ಟರು, ಬೆಲೆ 5 ಡಾಲರ್’ ಅಂತಲೇ ಬರೆದಿದ್ದೇನೆ. ಪಿಕೋ 2 ಅಂದರೆ ಅದೇ ಕಂಪನಿಯ ಇನ್ನೊಂದು ಪುಟ್ಟ ಬೋರ್ಡು. ಅದಾಗಿ ಎರಡನೇ ರಾತ್ರಿ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತು. ಆ ವಾರ ಇಲ್ಲಿ ‘ಬಿಟ್ಟರು’ ಅಂದರೆ ನೀರು ಮಾತ್ರ, ಪಿಕೋ ಸುದ್ದಿ ನನಗೇ ತಡವಾಗಿ ತಿಳಿಯಿತು.

ಆ ಪಿಕೋದ 2024ರ ಚಿಪ್ಪಿಗೆ, ಅಂದರೆ ಆರ್‌ಪಿ 2350ರ ಮೊದಲ ಆವೃತ್ತಿಗೆ, ಕಂಪನಿಯೇ ಒಂದು ‘ಎರಾಟಾ’ (ಮಾಲಿನಲ್ಲಿರುವ ತಪ್ಪುಗಳ ಪಟ್ಟಿ) ಹಾಕಿತು. ಪಿನ್ನನ್ನು, ಸೊನ್ನೆಗೆ ಎಳೆದಿಡುವ ಒಳಗಿನ ಪುಲ್‌ಡೌನ್ ನೆಚ್ಚಿ ಇನ್‌ಪುಟ್ ಮಾಡಿದರೆ, ಸೊನ್ನೆಗೆ ಇಳಿಯಬೇಕಾದದ್ದು 2 ವೋಲ್ಟಿನ ಆಸುಪಾಸು ನಿಂತುಬಿಡಬಹುದು. ಹೊರಗಿನಿಂದ 8.2 ಕಿಲೋ ಓಮ್ ಅಥವಾ ಅದಕ್ಕಿಂತ ಕಡಿಮೆ ರೆಸಿಸ್ಟರ್ ಹಾಕಿ ಅನ್ನುತ್ತಾರೆ. ಈ ಪಟ್ಟಿಗೆ ಏನು ಹೆಸರು? ‘ತಪ್ಪೊಪ್ಪು’ ಅಂದರೆ ಪೊಲೀಸ್ ಠಾಣೆ ನೆನಪಾಗುತ್ತದೆ. ಹಳೆಯ ಪುಸ್ತಕಗಳ ‘ಶುದ್ಧಾಶುದ್ಧ ಪತ್ರಿಕೆ’ಯಲ್ಲಿ ಅಚ್ಚಿನ ತಪ್ಪಿಗೆ ಸರಿಯಾದ ಪದ ಪಕ್ಕದಲ್ಲೇ ಇರುತ್ತದೆ. ಇಲ್ಲಿ ಕೈಗೆ ಬಂದ ಚಿಪ್ಪು ಹಾಗೇ ಉಳಿಯುತ್ತದೆ, ನಾವೇ ದಾರಿ ಹುಡುಕಿಕೊಳ್ಳಬೇಕು. ಸದ್ಯಕ್ಕೆ ‘ಗೊತ್ತಿರುವ ಕೊರತೆಗಳು’ ಅಂತ ಇಟ್ಟಿದ್ದೇನೆ, ಸಪ್ಪೆ ಅನ್ನಿಸುತ್ತದೆ.

ಕೊನೆಯದು ‘ಪ್ರೊಡಕ್ಷನ್ ಲೈಫ್‌ಟೈಮ್’. 2024ರ ನವೆಂಬರಿನಲ್ಲಿ ಬಂದ ಕಂಪ್ಯೂಟ್ ಮಾಡ್ಯೂಲ್ 5 ಅನ್ನು 2036ರ ಜನವರಿವರೆಗಾದರೂ ತಯಾರಿಸುತ್ತೇವೆ ಅಂತ ಕಂಪನಿ ಹೇಳಿದೆ. ಇದನ್ನು ‘ಜೀವಿತಾವಧಿ’ ಅಂತ ಬರೆದಿದ್ದೆ. ಕರಡು ಓದಿದ ಒಬ್ಬ ಮಾಲೀಕರು ಫೋನ್ ಮಾಡಿ ‘2036ಕ್ಕೆ ಮಿಷಿನ್ ತಾನಾಗೇ ಬಂದ್ ಆಗ್ತದೇನು?’ ಅಂತ ಕೇಳಿದರು. ಅಂಗಡಿಯಲ್ಲಾದರೆ ‘ಆ ಮಾಲು ಬರೋದು ನಿಂತಿದೆ’ ಅನ್ನುತ್ತಾರೆ. ಅದನ್ನೇ ತಿರುಗಿಸಿ ‘ಮಾಲು 2036ರ ಜನವರಿವರೆಗಂತೂ ಬರುತ್ತದೆ’ ಅಂತ ಬರೆದರೆ ಅಚ್ಚುಹಾಳೆಗೆ ತೀರಾ ಸಂತೆಮಾತಾಯಿತೇ?

ರಾಯಚೂರು, ಬಳ್ಳಾರಿ ಕಡೆಯವರು ಕುಂದ್ರಿಸು ಪದವನ್ನು ಇನ್ನೂ ಯಾವ ಕೆಲಸಕ್ಕೆ ಬಳಸುತ್ತೀರಿ ತಿಳಿಸಿ. ಕರಾವಳಿಯವರಿಗೆ ‘ಒಳಗೆ ಕೂರಿಸಿದ ಕಂಪ್ಯೂಟರ್’ ಅಂದರೆ ಥಟ್ಟನೆ ಏನು ಹೊಳೆಯುತ್ತದೆ ಅನ್ನುವುದೂ ಬೇಕು. ಹಾಳೆ ಜೆರಾಕ್ಸಿಗೆ ಹೋಗುವುದು ಸೋಮವಾರ.