ಮೇ 18ಕ್ಕೆ ಹುಟ್ಟಿದ ಮಗು: ಈ ಜೂನ್‌ಗೆ ಒಂದನೇ ಕ್ಲಾಸಾ, ಇನ್ನೊಂದು ವರ್ಷ ಕಾಯೋದಾ?

ಹೊಸಬಾಗಿಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗನ ಹುಟ್ಟಿದ ದಿನ 2020ರ ಮೇ 18. 2026ರ ಜೂನ್ 1ಕ್ಕೆ ಸರಿಯಾಗಿ 6 ವರ್ಷ 14 ದಿನ. ಯುಕೆಜಿ ಮುಗಿದಿದೆ. ಮನೆಮಾತು ಕನ್ನಡ, ಶಾಲೆ ಇಂಗ್ಲಿಷ್ ಮೀಡಿಯಂ, ರಾಜ್ಯ ಪಠ್ಯಕ್ರಮ.

ಕತೆ ಕೇಳ್ತಾನೆ, ಕೇಳಿದ್ದನ್ನು ವಾಪಸ್ ಹೇಳ್ತಾನೆ. ಇಪ್ಪತ್ತರವರೆಗೆ ವಸ್ತು ಮುಟ್ಟಿ ಮುಟ್ಟಿ ಎಣಿಸ್ತಾನೆ. ತೊಂದರೆ ಇರೋದು ಎರಡು ಕಡೆ. ಪೆನ್ಸಿಲ್ ಮುಷ್ಟಿಯಲ್ಲಿ ಹಿಡಿದು ಬರೀತಾನೆ, ಐದು ನಿಮಿಷಕ್ಕೇ ಕೈನೋವು ಅಂತಾನೆ. ಇನ್ನೊಂದು, ಇಡೀ ಕ್ಲಾಸಿಗೆ ಹೇಳಿದ ಮಾತು ಇವನಿಗೆ ತಾಗೋದೇ ಇಲ್ಲ. ಪಕ್ಕಕ್ಕೆ ಬಂದು ಹೇಳಿದರೆ ತಕ್ಷಣ ಮಾಡ್ತಾನೆ. ಟೀಚರ್ "ಮಗು ಇನ್ನೂ ಚಿಕ್ಕದು, ಯುಕೆಜಿ ಇನ್ನೊಂದು ವರ್ಷ ಮಾಡಿಸಿ" ಅಂತಾರೆ. ಅಜ್ಜ ಅಜ್ಜಿ "ವರ್ಷ ಯಾಕೆ ಹಾಳು ಮಾಡ್ತೀರಿ" ಅಂತಾರೆ.

ತಡ ಮಾಡಿದರೆ ಮುಂದೆ ವಯಸ್ಸಿನ ಮಿತಿ ಎಲ್ಲಾದರೂ ಅಡ್ಡ ಬರುತ್ತಾ? ತೀರ್ಮಾನಕ್ಕೆ ಮೊದಲು ಏನೇನು ನೋಡಬೇಕು? ಕಾಯೋದೇ ಆದರೆ ಆ ವರ್ಷ ಏನು ಮಾಡಿಸಬೇಕು?

---

ದಾಖಲಾತಿ ವಹಿ

ಮೊದಲು ವಯಸ್ಸಿನ ಲೆಕ್ಕ ಮುಗಿಸೋಣ, ಏಕೆಂದರೆ ಅದರಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ.

ಕರ್ನಾಟಕದಲ್ಲಿ ಲೆಕ್ಕ ಹಿಡಿಯುವ ದಿನ ಜೂನ್ 1. ಹಿಂದೆ 5 ವರ್ಷ 5 ತಿಂಗಳಿಗೆ ಒಂದನೇ ತರಗತಿ ಸಿಗುತ್ತಿತ್ತು. 2022ರ ಜುಲೈ ಆದೇಶ ಅದನ್ನು ಪೂರ್ಣ 6 ವರ್ಷಕ್ಕೆ ಏರಿಸಿತು, ಆಮೇಲೆ ಜಾರಿಯನ್ನು 2025-26ಕ್ಕೆ ಮುಂದೂಡಿದರು. ಆ ವರ್ಷ ಬಂದಾಗ, 2025ರ ಏಪ್ರಿಲ್‌ನಲ್ಲಿ, ಸಚಿವ ಮಧು ಬಂಗಾರಪ್ಪ ಒಂದೇ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳ ಸಡಿಲಿಕೆ ಪ್ರಕಟಿಸಿದರು. 2026-27ರಿಂದ 6 ವರ್ಷ ಕಡ್ಡಾಯ ಎಂದೂ ಆಗಲೇ ಹೇಳಿದ್ದರು. 2024ರಲ್ಲಿ ಮೇಲಿನ ಮಿತಿಯೂ ಬಂತು: ಎಲ್‌ಕೆಜಿಗೆ 4ರಿಂದ 6, ಯುಕೆಜಿಗೆ 5ರಿಂದ 7, ಒಂದನೇ ತರಗತಿಗೆ 6ರಿಂದ 8.

ನಿಮ್ಮ ಮಗು ಈ ವರ್ಷವೂ ಅರ್ಹ. 2027ರ ಜೂನ್ 1ಕ್ಕೆ 7 ವರ್ಷ 14 ದಿನ ಆಗಿರುತ್ತದೆ, ಆಗಲೂ ಅರ್ಹ. ಜೂನ್ 1ರ ನಂತರ ಹುಟ್ಟಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ, ನಿಯಮವೇ ಕಾಯಿಸುತ್ತಿತ್ತು. ಅಂದರೆ ಕಾದರೂ ನಿಮ್ಮ ಮಗ ತರಗತಿಯಲ್ಲಿ ಎದ್ದು ಕಾಣುವಷ್ಟು ದೊಡ್ಡವನಾಗುವುದಿಲ್ಲ. 2020ರ ಜೂನ್ ಮೊದಲ ವಾರದಲ್ಲಿ ಹುಟ್ಟಿದ ಮಕ್ಕಳು ಅವನ ಜೊತೆಗೇ ಕೂತಿರುತ್ತಾರೆ. ಈ ವರ್ಷವೇ ಸೇರಿಸಿದರೆ ಅವನೇ ತರಗತಿಯ ಅತಿ ಚಿಕ್ಕ ಮಕ್ಕಳಲ್ಲಿ ಒಬ್ಬ.

ಮುಂದೆ ಅಡ್ಡ ಬರುವ ಮಿತಿಗಳು ಆರನೇ ತರಗತಿಯ ಪ್ರವೇಶದಲ್ಲಿವೆ. ಇದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹತ್ತು ವರ್ಷದ ಮಗು ಫಾರಂ ತುಂಬುವಾಗ ಗೊತ್ತಾಗುತ್ತದೆ.

ನವೋದಯ: 2026-27ರ ಆರನೇ ತರಗತಿಗೆ 2014ರ ಮೇ 1ರಿಂದ 2016ರ ಜುಲೈ 31ರ ನಡುವೆ ಹುಟ್ಟಿರಬೇಕಿತ್ತು. ಪ್ರತಿ ವರ್ಷ ಈ ಕಿಟಕಿ ಒಂದೊಂದು ವರ್ಷ ಮುಂದೆ ಸರಿಯುತ್ತದೆ. ನಿಮ್ಮ ಮಗ 2027ರಲ್ಲಿ ಒಂದನೇ ತರಗತಿಗೆ ಸೇರಿದರೆ ಆರನೆಯದು 2032-33ರಲ್ಲಿ. ಇದೇ ಲೆಕ್ಕ ಮುಂದುವರಿದರೆ ಆಗ ಕಿಟಕಿ ತೆರೆಯುವುದು 2020ರ ಮೇ 1ಕ್ಕೆ. ಮೇ 18 ಒಳಗೆ ಬರುತ್ತದೆ, ಹದಿನೇಳು ದಿನದ ಅಂತರದಲ್ಲಿ. ಏಪ್ರಿಲ್‌ನಲ್ಲಿ ಹುಟ್ಟಿದ ಮಗುವಿಗೆ ಒಂದು ವರ್ಷ ತಡ ಮಾಡಿದರೆ ನವೋದಯದ ಬಾಗಿಲು ಮುಚ್ಚಿದ ಹಾಗೆಯೇ.

ಸೈನಿಕ ಶಾಲೆ (ನಮ್ಮಲ್ಲಿ ವಿಜಯಪುರ, ಕೊಡಗು): ಆರನೇ ತರಗತಿಗೆ ಮಾರ್ಚ್ 31ಕ್ಕೆ 10ರಿಂದ 12 ವರ್ಷ. ತಡ ಮಾಡಿದರೂ ನಿಮ್ಮವನಿಗೆ ಆಗ 11 ವರ್ಷ 10 ತಿಂಗಳು. ತೊಂದರೆ ಇಲ್ಲ.

ಕೇಂದ್ರೀಯ ವಿದ್ಯಾಲಯ: ಅಲ್ಲಿ ಲೆಕ್ಕ ಮಾರ್ಚ್ 31ಕ್ಕೆ, ಜೂನ್ 1ಕ್ಕಲ್ಲ. ಒಂದನೇ ತರಗತಿಗೆ ಅಂದಿಗೆ 6 ತುಂಬಿರಬೇಕು. ನಿಮ್ಮ ಮಗನಿಗೆ ಈ ಮಾರ್ಚ್‌ಗೆ 5 ವರ್ಷ 10 ತಿಂಗಳು, ಆದ್ದರಿಂದ ಅಲ್ಲಿ ಹೇಗೂ 2027ಕ್ಕೇ ಅರ್ಹ.

ಒಂದು ಕೈಮುಗಿದು ಹೇಳುವ ಮಾತು: ಯಾವ ಕಾರಣಕ್ಕೂ ಜನನ ದಿನಾಂಕವನ್ನು ಹಿಂದೆ ಮುಂದೆ ಮಾಡಿಸಬೇಡಿ. ಆಧಾರ್, ಜನನ ಪ್ರಮಾಣಪತ್ರ, ಸ್ಯಾಟ್ಸ್ (ಶಾಲಾ ಮಕ್ಕಳ ವಿವರ ಇಡುವ ಸರ್ಕಾರಿ ಆನ್‌ಲೈನ್ ದಾಖಲೆ) ಮೂರರಲ್ಲೂ ಒಂದೇ ದಿನಾಂಕ, ಒಂದೇ ಕಾಗುಣಿತದ ಹೆಸರು ಇರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುವುದು ಇದೇ ದಿನಾಂಕ, ಆಮೇಲೆ ತಿದ್ದಿಸಲು ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ.

---

ನಾಲಗೆ ಕಿವಿ

ದಾಖಲೆ ವಿಷಯ ಮೇಲಿನವರು ಹೇಳಿದ್ದಾರೆ. ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ಓದಿ ನಿಂತುಬಿಟ್ಟೆ: "ಪಕ್ಕಕ್ಕೆ ಬಂದು ಹೇಳಿದರೆ ತಕ್ಷಣ ಮಾಡ್ತಾನೆ." ವರ್ಷ ಕಾಯುವ ಮಾತು ಆಮೇಲೆ. ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಈ ವಯಸ್ಸಿನ ಮಕ್ಕಳಲ್ಲಿ ಪದೇ ಪದೇ ನೆಗಡಿ ಆದಾಗ ಕಿವಿ ತಮಟೆಯ ಹಿಂದೆ ದ್ರವ ತುಂಬಿಕೊಳ್ಳುತ್ತೆ. ನೋವಿರೋದಿಲ್ಲ, ಕಿವಿ ಸೋರೋದಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗೋದಿಲ್ಲ. ಕೇಳಿಸುತ್ತೆ, ಆದರೆ ನೀರೊಳಗಿಂದ ಕೇಳಿಸಿದ ಹಾಗೆ. ಎದುರಿಗೆ ಕೂತು ಮಾತಾಡಿದರೆ ಮಗು ತುಟಿ ನೋಡಿ ಸಂಭಾಳಿಸಿಕೊಳ್ಳುತ್ತೆ. ನಲವತ್ತು ಮಕ್ಕಳ ಗದ್ದಲದಲ್ಲಿ, ಬೋರ್ಡಿಗೆ ಮುಖ ಮಾಡಿ ಟೀಚರ್ ಹೇಳಿದ್ದು ಕಳೆದುಹೋಗುತ್ತೆ. ಅದನ್ನು ನಾವು "ಗಮನ ಇಲ್ಲ", "ಇನ್ನೂ ಚಿಕ್ಕದು" ಅಂತ ಕರೀತೀವಿ. ಟಿವಿ ಸೌಂಡ್ ಜಾಸ್ತಿ ಇಡೋದು, ರಾತ್ರಿ ಬಾಯಿ ತೆರೆದು ಮಲಗೋದು, ಗೊರಕೆ ಇದ್ದರೆ ಅನುಮಾನ ಇನ್ನೂ ಗಟ್ಟಿ. ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಶ್ರವಣ ಪರೀಕ್ಷೆ ಜೊತೆಗೆ ಟಿಂಪನೋಮೆಟ್ರಿ ಕೇಳಿ; ತಮಟೆ ಸರಿಯಾಗಿ ಅಲುಗುತ್ತಿದೆಯಾ ಅಂತ ಅದು ಕೆಲವೇ ನಿಮಿಷದಲ್ಲಿ ತೋರಿಸುತ್ತೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದೆಲ್ಲ ಒಂದೇ ಕಡೆ ಆಗುತ್ತೆ. ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಇದ್ದರೆ ಅಲ್ಲೂ ಕೇಳಬಹುದು. ಹೋದ ಕೈಗೆ ಕಣ್ಣೂ ತೋರಿಸಿಬಿಡಿ.

ಇಷ್ಟು ಒತ್ತಿ ಹೇಳೋಕೆ ಕಾರಣ: ತಡ ಮಾಡೋದು ಚಿಕಿತ್ಸೆ ಅಲ್ಲ. ಕಿವಿ ತೊಂದರೆ, ಮಾತಿನ ಹಿಂದುಳಿಕೆ, ಆಟಿಸಂ ಇದ್ದ ಮಗುವನ್ನು "ವರ್ಷ ಕಳೆದರೆ ಸರಿಹೋಗುತ್ತೆ" ಅಂತ ಕೂರಿಸಿದರೆ ಥೆರಪಿ ಶುರುವಾಗೋದೂ ಒಂದು ವರ್ಷ ಹಿಂದೆ ಬೀಳುತ್ತೆ. ಓದುವ ತೊಂದರೆಯನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಅಂತ ಪ್ರಮಾಣೀಕರಿಸೋದು 8 ವರ್ಷದ ನಂತರ, ಸಾಮಾನ್ಯವಾಗಿ ಮೂರನೇ ಕ್ಲಾಸಿನ ಹೊತ್ತಿಗೆ. ಒಂದು ವರ್ಷ ಹಿಂದೆ ಕೂತ ಮಗು ಆಗ ಎರಡನೇ ಕ್ಲಾಸಿನ ಪಾಠದಲ್ಲಿರುತ್ತೆ, "ಹೇಗೋ ನಡೀತಿದೆ" ಅಂತ ಕಾಣುತ್ತೆ, ಅನುಮಾನ ಬರೋದೇ ತಡವಾಗುತ್ತೆ.

---

ಗರಗಸ

ಒಂದರಿಂದ ಮೂರನೇ ತರಗತಿವರೆಗೆ ಕಲಿಸುವವರ ಕಣ್ಣಿಂದ ಸ್ವಲ್ಪ ಹೇಳ್ತೀನಿ.

ಮುಷ್ಟಿ ಹಿಡಿತಕ್ಕೆ ವರ್ಷ ಬೇಡ, ಎರಡು ಮೂರು ತಿಂಗಳು ಸಾಕು. ಉದ್ದ ಪೆನ್ಸಿಲ್ ತೆಗೆದು ಒಳಗಿಡಿ. ಸ್ಲೇಟು ಕೊಡಿ, ಬಳಪವನ್ನು ಹೆಬ್ಬೆಟ್ಟಿನ ಉಗುರಿನಷ್ಟು, ಎರಡು ಸೆಂಟಿಮೀಟರ್ ತುಂಡು ಮಾಡಿ ಕೊಡಿ. ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿಯೋಕೇ ಆಗೋದಿಲ್ಲ; ಹೆಬ್ಬೆರಳು, ತೋರುಬೆರಳು, ನಡುಬೆರಳು ತಾವಾಗೇ ಸೇರುತ್ತವೆ. ಸ್ಲೇಟನ್ನು ನೆಲದ ಮೇಲೆ ಇಡಬೇಡಿ, ಗೋಡೆಗೆ ಒರಗಿಸಿ ನಿಂತು ಬರೆಸಿ: ಮಣಿಕಟ್ಟು ಸರಿಯಾದ ಕೋನಕ್ಕೆ ಬರುತ್ತೆ, ಭುಜಕ್ಕೂ ಬಲ ಬರುತ್ತೆ. ಕೈನೋವು ಅನ್ನೋ ಮಕ್ಕಳಲ್ಲಿ ಬಹಳ ಸಲ ಸೋಲೋದು ಬೆರಳಲ್ಲ, ಭುಜ. ಜೊತೆಗೆ ಮನೆಕೆಲಸ: ಚಪಾತಿ ಹಿಟ್ಟು ನಾದೋದು, ಅವರೆಕಾಳು ಬಿಡಿಸೋದು, ಬಟ್ಟೆ ಹಿಂಡೋದು, ಚುಕ್ಕಿ ಇಟ್ಟು ರಂಗೋಲಿ ಎಳೆಯೋದು. ದಿನಕ್ಕೆ ಹದಿನೈದು ನಿಮಿಷ ಸಾಕು.

ಆಕಾರ ನಕಲು ಮಾಡಿಸಿ ನೋಡಿ. ವೃತ್ತ ಸುಮಾರು 3 ವರ್ಷಕ್ಕೆ ಬರುತ್ತೆ, ಕೂಡುವ ಗುರುತು 4ಕ್ಕೆ, ಚೌಕ ನಾಲ್ಕೂವರೆ ಆಸುಪಾಸಿಗೆ, ತ್ರಿಕೋನ 5ಕ್ಕೆ, ಗಾಳಿಪಟದ ಆಕಾರ 6-7ಕ್ಕೆ. ತ್ರಿಕೋನ ಬರ್ತಾ ಇದ್ದರೆ ಅಕ್ಷರಕ್ಕೆ ಕೈ ಸಿದ್ಧ. ಆರು ವರ್ಷ ತುಂಬಿಯೂ ಚೌಕವೇ ಬರದಿದ್ದರೆ ಆಕ್ಯುಪೇಶನಲ್ ಥೆರಪಿಸ್ಟ್ (ಬರೆಯೋದು, ಗುಂಡಿ ಹಾಕೋದು ಇಂಥ ಕೈಕೆಲಸಕ್ಕೆ ತರಬೇತಿ ಕೊಡುವವರು) ಹತ್ತಿರ ಒಮ್ಮೆ ತೋರಿಸಿ.

ಮಾತಿನ ಸಿದ್ಧತೆಗೆ ಚಪ್ಪಾಳೆ ಆಟ. "ಕಮಲ" ಅಂದರೆ ಕ-ಮ-ಲ, ಮೂರು ಚಪ್ಪಾಳೆ. ಆಮೇಲೆ ಕೇಳಿ, "ಕಮಲದಲ್ಲಿ ಕ ತೆಗೆದರೆ?" "ಮಲ" ಅಂತ ಹೇಳುವ ಮಗುವಿಗೆ ಕನ್ನಡ ಓದು ಕಷ್ಟ ಆಗೋದಿಲ್ಲ.

ಈಗ ನಿಜವಾದ ವಿಷಯ. ಮಗು ಒಂದನೇ ತರಗತಿಗೆ ಸಿದ್ಧವಾ ಅನ್ನೋ ಪ್ರಶ್ನೆಗೆ "ಯಾವ ಒಂದನೇ ತರಗತಿ?" ಅಂತ ತಿರುಗಿ ಕೇಳಬೇಕು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೆ ಗುಂಪುಗಳಲ್ಲಿ ನೆಲದ ಮೇಲೆ ಕೂರ್ತಾರೆ. ಕಾರ್ಡು ಹಿಡಿದು ಪ್ರತಿ ಮಗು ತನ್ನ ಮೆಟ್ಟಿಲಿಂದ ಮೇಲೆ ಹತ್ತುತ್ತೆ. ಎರಡು ವಾರ ರಜೆ ಹಾಕಿ ಬಂದರೂ ಬಿಟ್ಟಲ್ಲಿಂದಲೇ ಶುರು. ಅಕ್ಷರವೂ ಅ ಆ ಇ ಈ ಕ್ರಮದಲ್ಲಿ ಬರೋದಿಲ್ಲ. ಮೊದಲು ರ ಗ ಸ ದ ಅ, ಐದೇ ಅಕ್ಷರ. ಅಷ್ಟರಲ್ಲೇ ಸರ, ಅರಸ, ದಸರ, ಗರಗಸ ಓದಬಹುದು. ಇಂಥ ಕಡೆ ಆರು ವರ್ಷ 14 ದಿನದ ಮಗುವನ್ನು ಕಾಯಿಸೋ ಅಗತ್ಯ ನನಗೆ ಕಾಣೋದಿಲ್ಲ.

ಜೂನ್ ಮೊದಲ ವಾರದಿಂದಲೇ ನಾಲ್ಕು ಗೆರೆ ಪುಸ್ತಕದಲ್ಲಿ ಪುಟಗಟ್ಟಲೆ ಬರೆಸುವ ಶಾಲೆಯಾದರೆ ಮಾತೇ ಬೇರೆ. ಅಲ್ಲಿ ಹಿಂದೆ ಬೀಳೋದು ಮಗುವಿನ ತಪ್ಪಲ್ಲ, ಆದರೂ ಪೆಟ್ಟು ತಿನ್ನೋದು ಮಗುವೇ. ಸೇರಿಸೋ ಮೊದಲು ಆಗಸ್ಟ್ ತಿಂಗಳ ಒಂದನೇ ತರಗತಿ ನೋಟ್ ಬುಕ್ ಒಂದನ್ನು ಕೇಳಿ ತೆಗೆದು ನೋಡಿ. ಅದು ಪ್ರಿನ್ಸಿಪಾಲರ ಮಾತಿಗಿಂತ ಹೆಚ್ಚು ಹೇಳುತ್ತೆ.

---

ಹೊಸಬಾಗಿಲು

ತುಂಬಾ ಉಪಕಾರವಾಯ್ತು. ಕಿವಿ ಪರೀಕ್ಷೆ ಈ ವಾರವೇ. ಒಂದು ಅನುಮಾನ: ಈಗ ಒಂದನೇ ಕ್ಲಾಸಿಗೆ ಹಾಕಿ, ಆಗದಿದ್ದರೆ ಅದೇ ಕ್ಲಾಸಲ್ಲಿ ಇನ್ನೊಂದು ವರ್ಷ ಕೂರಿಸಬಹುದಲ್ವಾ?

---

ದಾಖಲಾತಿ ವಹಿ

ಆ ದಾರಿಯನ್ನು ನಂಬಿಕೊಳ್ಳಬೇಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ 16ನೇ ಕಲಮು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವುದನ್ನು ತಡೆಯುತ್ತದೆ. 2019ರ ತಿದ್ದುಪಡಿ ರಾಜ್ಯಗಳಿಗೆ ಅವಕಾಶ ಕೊಟ್ಟಿದ್ದು 5 ಮತ್ತು 8ನೇ ತರಗತಿಗೆ ಮಾತ್ರ. ಒಂದನೇ ತರಗತಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಕಾಯುವುದಾದರೆ ಒಂದನೇ ತರಗತಿಗೆ ಮೊದಲೇ ಕಾಯಬೇಕು. ಎಲ್‌ಕೆಜಿಯಲ್ಲೇ ತಡ ಮಾಡುವುದು ಇನ್ನೂ ವಾಸಿ: ಫೀಸೂ ಕಡಿಮೆ, ಮಗುವಿಗೆ "ಗೆಳೆಯರೆಲ್ಲ ಮುಂದೆ ಹೋದರು" ಎಂಬ ನೋವೂ ಕಡಿಮೆ. ಈ ಮಾತು ಈಗ ಮೂರು ವರ್ಷದ ಮಕ್ಕಳಿರುವ ಬೇರೆ ಓದುಗರಿಗೆ.

---

ಗರಗಸ

ಕಾಯೋದೇ ಅಂತಾದರೆ ಅದೇ ಯುಕೆಜಿ, ಅದೇ ವರ್ಕ್‌ಶೀಟ್ ಬೇಡ. ಮೊದಲ ತಿಂಗಳು ಎಲ್ಲ ಗೊತ್ತು ಅಂತ ಖುಷಿ, ಎರಡನೇ ತಿಂಗಳಿಗೆ ಬೇಜಾರು, ಮೂರನೆಯದಕ್ಕೆ ತರಲೆ. ಬೇರೆ ಶಿಶುವಿಹಾರವೋ, ಸರ್ಕಾರಿ ಶಾಲೆಯ ಯುಕೆಜಿಯೋ ನೋಡಿ. ಆವರಣ ಬದಲಾದರೆ ಮಗುವಿಗೆ ಅದು ಹೊಸ ವರ್ಷ, ಫೇಲಾದ ವರ್ಷ ಅಲ್ಲ.

2015ರಲ್ಲಿ ಥಾಮಸ್ ಡೀ ಮತ್ತು ಹ್ಯಾನ್ಸ್ ಹೆನ್ರಿಕ್ ಸೀವರ್ಟ್‌ಸನ್ ಡೆನ್ಮಾರ್ಕ್ ಮಕ್ಕಳ ಮೇಲೆ ಮಾಡಿದ ಅಧ್ಯಯನವನ್ನು ತಡದ ಪರವಾಗಿ ಬಹಳ ಜನ ಎತ್ತಿ ಹೇಳ್ತಾರೆ. ಒಂದು ವರ್ಷ ತಡವಾಗಿ ಸೇರಿದ ಮಕ್ಕಳಲ್ಲಿ ಚಂಚಲತೆ, ಗಮನದ ಕೊರತೆ 7ನೇ ವಯಸ್ಸಿಗೆ ಕಡಿಮೆ ಇತ್ತು, 11ಕ್ಕೂ ಹಾಗೇ ಉಳಿದಿತ್ತು. ನಿಜ. ಆದರೆ ಅಲ್ಲಿ ಬಹುತೇಕ ಎಲ್ಲ ಮಕ್ಕಳೂ ಆ ವರ್ಷವನ್ನು ಒಳ್ಳೆ ಶಿಶುಪಾಲನಾ ಕೇಂದ್ರದಲ್ಲಿ ಆಡುತ್ತಾ ಕಳೀತಾರೆ. ಮನೆಯಲ್ಲಿ ಮೊಬೈಲ್ ಹಿಡಿದು ಕಳೆದ ವರ್ಷಕ್ಕೆ ಆ ಫಲ ಇಲ್ಲ. ಕುಂಟಬಿಲ್ಲೆ, ಅಳಗುಳಿ ಮಣೆ, ಹುಣಸೆಬೀಜ ಹತ್ತು ಹತ್ತರ ಗುಂಪು ಮಾಡೋದು, ದಿನಾ ಒಂದು ಕತೆ, ಓರಗೆಯವರ ಜೊತೆ ಎರಡು ಗಂಟೆ ಆಟ: ಇಷ್ಟನ್ನು ನಡೆಸೋಕೆ ಮನೆಯಲ್ಲಿ ಯಾರಿಗೆ ಬಿಡುವಿದೆ ಅಂತ ಮೊದಲು ಮಾತಾಡಿಕೊಳ್ಳಿ. ಯಾರಿಗೂ ಇಲ್ಲದಿದ್ದರೆ ಒಳ್ಳೆ ಒಂದನೇ ತರಗತಿಯೇ ಮೇಲು.

---

ನಾಲಗೆ ಕಿವಿ

ಕ್ರಮ ಹೀಗಿರಲಿ. ಈ ವಾರ ಕಿವಿ, ಕಣ್ಣು. ದ್ರವ ಇದ್ದರೆ ಬಹಳ ಮಕ್ಕಳಿಗೆ ಮೂರು ತಿಂಗಳೊಳಗೆ ತಾನಾಗೇ ಇಳಿಯುತ್ತೆ, ವೈದ್ಯರು ಮತ್ತೆ ಕರೆಸಿ ನೋಡ್ತಾರೆ. ಅಲ್ಲಿಯವರೆಗೆ ಯಾವ ಕ್ಲಾಸಲ್ಲಿದ್ದರೂ ಮುಂದಿನ ಬೆಂಚು ಕೇಳಿ. ಕಿವಿಯಿಂದಲೇ ತೊಂದರೆ ಅಂತ ಗೊತ್ತಾದರೆ ಟೀಚರ್ ಹೇಳಿದ ಅರ್ಧ ಕಾರಣ ಬಿದ್ದುಹೋಯ್ತು. ಉಳಿದದ್ದು ಪೆನ್ಸಿಲ್ ಮಾತ್ರ, ಅದಕ್ಕೆ ಬಳಪದ ತುಂಡು ಇದೆ. ಕಿವಿ ಸರಿಯಾಗೇ ಇದ್ದು, ಶಾಲೆ ಬರಹದ್ದೇ ಶಾಲೆಯಾಗಿದ್ದು, ಬೇರೆ ಶಾಲೆಯೂ ಸಿಗದಿದ್ದರೆ ಆಗ ಕಾಯಿರಿ.

---

ದಾಖಲಾತಿ ವಹಿ

ಅಲ್ಲಿಯವರೆಗೆ ಒಂದು ಕೆಲಸ: ಶಾಲೆಯವರು ಸ್ಯಾಟ್ಸ್‌ನಲ್ಲಿ ಮಗುವನ್ನು ಒಂದನೇ ತರಗತಿಗೆ ಹತ್ತಿಸುವ ಮೊದಲೇ "ತೀರ್ಮಾನ ಆಗಿಲ್ಲ, ತಡೆಯಿರಿ" ಎಂದು ಬರೆದು ಕೊಡಿ, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.