ಎಂಆರ್‌ಐನಲ್ಲಿ ದೊಡ್ಡದೇನಿಲ್ಲ, ಆದರೂ ಸೊಂಟನೋವು ಬಿಡುತ್ತಿಲ್ಲ

ಪ್ರಶ್ನೆ (ಡೊಂಬಿವಲಿ): ಡಾಕ್ಟ್ರೇ ನಮಸ್ಕಾರ. ನಮ್ಮದು ಕುಂದಾಪುರ ಕಡೆ. ಮುಂಬೈ ಮಾಟುಂಗಾದ ಹೋಟೆಲಿನಲ್ಲಿ 18 ವರ್ಷದಿಂದ ದೋಸೆ ಕಲ್ಲಿನ ಮುಂದೆ ನಿಲ್ಲುವವ, ವಯಸ್ಸು 44. ಮೂರು ವರ್ಷದಿಂದ ಸೊಂಟನೋವು. ಎಂಆರ್‌ಐನಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಅಂತ ಬಂತು. ಒಬ್ಬರು ಬೆನ್ನು ಸವೆದಿದೆ ಎಂದರು, ಇನ್ನೊಬ್ಬರು ದೊಡ್ಡದೇನಿಲ್ಲ ಎಂದರು. ಈಗ ಮನೆಯವಳೂ ನಂಬುವುದಿಲ್ಲ. ಇದು ನನ್ನ ಭ್ರಮೆಯಾ?

ಉತ್ತರ: ಭ್ರಮೆ ಅಲ್ಲ ಮಾರಾಯ್ರೇ, ನಿಮ್ಮ ನೋವು ನಿಜ. ಕೈ ಕಲ್ಲಿಗೆ ತಾಗಿ ಸುಟ್ಟರೆ, ಗಾಯ ಮಾಗಿದ ಮೇಲೆ ನೋವೂ ಹೋಗುತ್ತದೆ. ಆದರೆ ಮೂರು ತಿಂಗಳು ದಾಟಿದ ನೋವಿನ ದಾರಿಯೇ ಬೇರೆ. ಬೆನ್ನುಹುರಿ, ಮೆದುಳು ಅದೇ ನೋವಿನ ಸುದ್ದಿಯನ್ನು ಕೇಳಿ ಕೇಳಿ ಸೂಕ್ಷ್ಮವಾಗಿರುತ್ತವೆ. ಆಮೇಲೆ ಸಣ್ಣ ಎಳೆತಕ್ಕೂ ಪೆಟ್ಟು ಬಿದ್ದಷ್ಟು ನೋವು. ನಿದ್ದೆಗೆಟ್ಟ ದಿನ, ಊರಿನ ಸಾಲದ ಚಿಂತೆ ಹತ್ತಿದ ದಿನ ಜಾಸ್ತಿಯಾಗುವುದೂ ಇದಕ್ಕೇ.

ಎಂಆರ್‌ಐಯಲ್ಲಿ ನೋವು ಕಾಣುವುದಿಲ್ಲ. 2015ರ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ, ಬೆನ್ನುನೋವೇ ಇಲ್ಲದ 40ರ ಪ್ರಾಯದವರಲ್ಲೂ ಶೇ. 50 ಮಂದಿಗೆ ಡಿಸ್ಕ್ ಉಬ್ಬಿರುತ್ತದೆ. ‘ಸವೆದಿದೆ’ ಎಂಬ ಒಂದು ಮಾತಿಗೆ ಹೆದರಿ ಬಗ್ಗುವುದನ್ನೇ ಬಿಟ್ಟವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ನೋವು ಕಡಿಮೆ ಇದ್ದ ದಿನ ಮನೆ ಕೆಲಸವೆಲ್ಲ ಮುಗಿಸಿ ಮರುದಿನ ಮಲಗಿಬಿಡುತ್ತೀರಾ? ಅದನ್ನು ಮೊದಲು ಬಿಡಿ. ಗಡಿಯಾರ ನೋಡಿ ಕೆಲಸ ಮಾಡಿ. ನಿಂತು 25 ನಿಮಿಷಕ್ಕೆ ನೋವು ಏರುವುದಾದರೆ, 20ಕ್ಕೇ ಎರಡು ನಿಮಿಷ ಅತ್ತಿತ್ತ ನಡೆಯಿರಿ. ಕಲ್ಲಿನ ಕೆಳಗೊಂದು ಮಣೆ ಇಟ್ಟು ಒಂದೊಂದೇ ಕಾಲನ್ನು ಬದಲಿಸಿ ಅದರ ಮೇಲಿಡಿ. ಮಧ್ಯಾಹ್ನದ ಬಿಡುವಿನಲ್ಲಿ ಫೈವ್ ಗಾರ್ಡನ್ ಕಡೆ ಹತ್ತು ನಿಮಿಷ ನಡಿಗೆ ಸಾಕು. ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ.

ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ತೊಡೆಸಂದಿ ಜೋಮು ಹಿಡಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ.

ಪ್ರಶ್ನೆ (ಠಾಣೆ): ಅಮ್ಮನ ಮಂಡಿನೋವಿಗೆ ದಿನಾ ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆ ನಡೆದಿದೆ. ಈಗ ಡುಲಾಕ್ಸೆಟಿನ್ ಬರೆದಿದ್ದಾರೆ. ಅದು ಖಿನ್ನತೆಯ ಮಾತ್ರೆಯಂತೆ, ಅಮ್ಮ ಮುಟ್ಟುತ್ತಿಲ್ಲ.

ಉತ್ತರ: ಅಕ್ಕಾ, ಅದು ಖಿನ್ನತೆಗೂ ಹೌದು, ಮಂಡಿನೋವಿಗೂ ಹೌದು. ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲೇ ತಗ್ಗಿಸುತ್ತದೆ. ಪರಿಣಾಮ ಕಾಣಲು ಕೆಲವು ವಾರ ಬೇಕು, ತಾವಾಗಿಯೇ ತಟ್ಟನೆ ನಿಲ್ಲಿಸಬಾರದು. ನನಗೆ ಹೆಚ್ಚು ಭಯ ದಿನವೂ ನುಂಗುವ ಡೈಕ್ಲೊಫೆನಾಕಿನದು: ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು, ಬಿಪಿ ಏರುವುದು. ಬೇರೆ ಯಾವ ಮಾತ್ರೆಗಳಿವೆಯೆಂದು ಡಾಕ್ಟರಿಗೆ ಹೇಳಿ, ಕಿಡ್ನಿ ಹೇಗಿದೆಯೆಂದು ತಿಳಿಯಲು ಕ್ರಿಯಾಟಿನಿನ್ ಎಂಬ ರಕ್ತ ಪರೀಕ್ಷೆ ಮಾಡಿಸಿ.

ಡೊಂಬಿವಲಿಯವರು: ಹಿಟ್ಟಿನ ಪಾತ್ರೆ ಎತ್ತಬಹುದಾ ಡಾಕ್ಟ್ರೇ?

ಉತ್ತರ: ಎತ್ತಬಹುದು. ಸದ್ಯ ಅರ್ಧ ತುಂಬಿದ್ದು, ಮೈಗೆ ಹತ್ತಿರ ಹಿಡಿದು. ಮುಂದಿನ ಸಲ ನಿಮ್ಮ ಡಾಕ್ಟರ ಹತ್ತಿರ ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ, ಅವರೂ ಕೇಳಿಸಿಕೊಳ್ಳಲಿ.